ತುಗಾವಾಡಿ ಚರ್ಚಿನ ಎರಡು ಬೀಗಗಳು

ತುಗಾವಾಡಿ,
ನೆರಳು ತಿಂಗಳ ಎರಡನೇ ಭಾನುವಾರ,
ಕ್ರಿಸ್ತಶಕ ೨೧೯೧.

ತುಗಾವಾಡಿ ಮೆಥೊಡಿಸ್ಟ್ ಸಭೆಯ ಹಿರಿಯರಾದ ಪ್ರಭುದಾಸ ಮಾಸ್ತರರಿಗೂ, ಯುವಕರ ಮುಂದಾಳು ಸುಂದರನಿಗೂ, ಇಬ್ಬರ ಬೆನ್ನಿಗೆ ನಿಂತು ಕುಮ್ಮಕ್ಕು ಕೊಡುತ್ತಿರುವ ಸಭೆಯವರೆಲ್ಲರಿಗೂ, ನಿಮ್ಮ ಮರಿಮಕ್ಕಳ ಮೊಮ್ಮಗಳಾದ ನವೋಮಿ ಮಾಡುವ ವಂದನೆಗಳು.

ಮೇಲಿನ ತಾರೀಖು ನೋಡಿ ಯಾರೋ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಈ ಹಾಳೆಯಿಂದ ಬೀಡಿ ಹಚ್ಚಬೇಡಿ, ಮಾಸ್ತರರೇ. ನೀವು ಚರ್ಚಿನ ಹಿಂದೆ ನಿಂತು ಬೀಡಿ ಸೇದುತ್ತಿದ್ದ ಸುದ್ದಿ ನಮ್ಮವರೆಗೂ ಬಂದಿದೆ. ನೆರಳು ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ಹದಿಮೂರನೇ ತಿಂಗಳು ಅದು. ಆಗ ಹಗಲು ಹೊತ್ತು ಹೊಲದಲ್ಲಿ ಕೆಲಸ ಮಾಡುವಂತಿಲ್ಲ. ನಮ್ಮ ಆಡುಮಾತು ನಿಮಗೆ ಅರ್ಧವೂ ತಿಳಿಯಲಾರದು ಎಂದು, ಹಳೆಯ ಕೀರ್ತನೆಗಳಲ್ಲಿ ಉಳಿದಿರುವ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎಲ್ಲಾದರೂ ಎಡವಿದ್ದರೆ ಮುದುಕಿಯನ್ನು ಕ್ಷಮಿಸಿ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲದವರಿಗೆ ಕಳಿಸುವ ಓಲೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಈ ಅವಕಾಶ. ಅದು ತಲುಪಿತೋ ಇಲ್ಲವೋ ತಿಳಿಯುವುದಿಲ್ಲ, ಉತ್ತರವಂತೂ ಬರುವುದಿಲ್ಲ. ಹೆಚ್ಚಿನವರು ತೀರಿಕೊಂಡ ತಮ್ಮ ತಾಯಿಗೆ ಬರೆಯುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಒಂದು ಓಲೆಯನ್ನು ಈಗ ನಿಮಗೆ ಬರೆಯುತ್ತಿದ್ದೇನೆ, ಆದ್ದರಿಂದ ದಯವಿಟ್ಟು ಕೊನೆಯವರೆಗೆ ಓದಿ. ನಾನು ಕೇಳುವುದು ಒಂದೇ: ಮಾರ್ತಾಬಾಯಿ ಕಣ್ಣು ಮುಚ್ಚುವ ಮೊದಲು ಚರ್ಚಿನ ಬಾಗಿಲಿಗೆ ನೀವು ಹಾಕಿರುವ ಎರಡೂ ಬೀಗಗಳನ್ನು ತೆಗೆಯಿರಿ.

ನಿಮ್ಮ ಚರ್ಚು ಇನ್ನೂ ನಿಂತಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಹಿರಿಯರಿಗೆ ಅದರ ಚಿಂತೆ ಇರುತ್ತದೆ. ಬೀದರಿನ ಕಡೆ ನೀವು ಕಟ್ಟಿದ ಸಿಮೆಂಟಿನ ಕಟ್ಟಡಗಳೆಲ್ಲ ನಮ್ಮ ಬಿಸಿಲಿಗೆ ಬಾಣಲೆಗಳಾದವು, ಜನ ಬಿಟ್ಟು ಹೋದರು. ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆಗಳ ಈ ಚರ್ಚು ಮಾತ್ರ ಒಳಗೆ ತಂಪಾಗಿದೆ. ಬಿಸಿಗಂಟೆ ಬಾರಿಸಿದ ಕೂಡಲೇ, ಅಂದರೆ ಸೆಕೆ ಮೈ ತಡೆಯುವ ಮಟ್ಟ ಮೀರಿತೆಂದು ಚರ್ಚಿನ ಹಳೆಯ ಗಂಟೆ ಹೊಡೆದ ಕೂಡಲೇ, ಊರಿಗೆ ಊರೇ ಇಲ್ಲಿಗೆ ಬರುತ್ತದೆ. ಮೇಲಿನ ಓಣಿಯ ಗೌಡರ ಮನೆಯವರು ಪಾದ್ರಿ ನಿಂತು ಬೋಧಿಸುವ ಪುಲ್ಪಿಟ್ಟಿನ ಮಗ್ಗುಲಲ್ಲಿ ಚಾಪೆ ಹಾಸುತ್ತಾರೆ. ನಿಮ್ಮ ಪಕ್ಕದ ಮನೆಯ ಖಾಜಾಸಾಬರ ವಂಶದವರು ಕಿಟಕಿಯ ಕೆಳಗೆ ನಮಾಜು ಮಾಡುತ್ತಾರೆ. ಹೆಂಗಸರು ಮಂಜುಜೋಳ ಹಸನು ಮಾಡುತ್ತಾರೆ. ಅದು ರಾತ್ರಿಯ ಇಬ್ಬನಿ ಕುಡಿದು ಬೆಳೆಯುವ ಜೋಳ, ರೊಟ್ಟಿ ಮಾತ್ರ ಸ್ವಲ್ಪ ಸಪ್ಪೆ. ಮಕ್ಕಳು ಗದ್ದಲ ಮಾಡುತ್ತಾರೆ, ಮುದುಕರು ಗೊರಕೆ ಹೊಡೆಯುತ್ತಾರೆ, ಸಂಜೆ ಯಾರಾದರೂ ಒಂದು ಕೀರ್ತನೆ ಎತ್ತಿಕೊಂಡರೆ ಮೂರೂ ಕಡೆಯವರು ದನಿ ಸೇರಿಸುತ್ತಾರೆ. ಇದನ್ನೆಲ್ಲ ನೀವು ನೋಡಬೇಕಿತ್ತು. ನಿಮ್ಮ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ, ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂತಾಗ ನಿಮ್ಮ ಮೇಲೆ ಪ್ರೀತಿಯೇ ಬರುತ್ತದೆ.

ಆದರೆ ನಾವ್ಯಾರೂ ಮುಂಬಾಗಿಲಿನಿಂದ ಒಳಗೆ ಬರುವುದಿಲ್ಲ. ಹಿಂಗೋಡೆಯನ್ನು ಒಡೆದು ಮಾಡಿದ ಒಂದು ಗಿಡ್ಡ ಕಂಡಿಯಿದೆ, ಬಾಗಿ ನುಸುಳಬೇಕು. ನನ್ನಂಥ ಮೊಣಕಾಲು ನೋವಿನವರಿಗೆ ಅದು ದಿನದಿನದ ಶಿಕ್ಷೆ. ಮುಂಬಾಗಿಲಿನ ಮೇಲೆ ಒಂದರ ಕೆಳಗೊಂದು ಎರಡು ಬೀಗಗಳು ಇಂದಿಗೂ ನೇತಾಡುತ್ತಿವೆ. ಮೇಲಿನದು ನಿಮ್ಮದು, ಮಾಸ್ತರರೇ. ಕೆಳಗಿನದು ನಿನ್ನದು, ಸುಂದರ.

ಈ ಕಥೆ ನಮಗೆ ಬಾಯಿಪಾಠ. ವರ್ಷಕ್ಕೊಮ್ಮೆ ಬೇವಿನ ಮರದ ಕೆಳಗೆ ಸಭೆಯ ಹಿರಿಯರು ಅದನ್ನು ಹೇಳಬೇಕು. ಈಗ ಆ ಕೆಲಸ ನನ್ನದು. ಕಥೆ ತುಕ್ಕಪ್ಪನಿಂದ ಶುರುವಾಗುತ್ತದೆ. ಗೌಡರ ಮನೆಯಲ್ಲಿ ಸಾವಾದರೆ ಹೆಣದ ಮುಂದೆ ಹಲಗೆ ಬಾರಿಸುತ್ತ ನಡೆಯುವುದು ಆತನ ಪಾಲಿಗೆ ಬಂದ ಬಿಟ್ಟಿ ಚಾಕರಿ. ಒಂದು ದಿನ ಆತನದೇ ಹಸುಗೂಸು ಜ್ವರದಿಂದ ತೀರಿಕೊಂಡಿತು. ಕೂಸನ್ನು ಮಣ್ಣು ಮಾಡುವ ಮೊದಲೇ ಮೇಲಿನ ಓಣಿಯಿಂದ ಕರೆ ಬಂತು, ಹೋಗಲೇಬೇಕಾಯಿತು. ಬೇರೆಯವರ ಹೆಣದ ಮುಂದೆ ಹಲಗೆ ಬಾರಿಸಿ ಬಂದು, ತನ್ನ ಕೂಸನ್ನು ಕತ್ತಲಾದ ಮೇಲೆ ಒಬ್ಬನೇ ಹೂತ. ಮುಂದೆ ಎತ್ತಿನ ಗಾಡಿಯಲ್ಲಿ ಬಂದ ಪಾದ್ರಿಯೊಬ್ಬರ ಮಾತು ಕೇಳಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ತುಕ್ಕಪ್ಪ ಆಡಿದ ಮಾತು ನಮ್ಮ ಮಕ್ಕಳಿಗೂ ಗೊತ್ತು: "ಇನ್ನ ಮ್ಯಾಲ ಮಂದಿ ಬಾಗಿಲಾಗ ಇದನ್ನ ಬಡಿಯಂಗಿಲ್ಲ." ಮೊದಲ ಪ್ರಾರ್ಥನೆ ನಡೆದದ್ದು ಖಾಜಾಸಾಬರ ಮುತ್ತಜ್ಜ ಬಿಟ್ಟುಕೊಟ್ಟ ದನದ ಕೊಟ್ಟಿಗೆಯಲ್ಲಿ. ಆಮೇಲೆ ಗಂಡಸರು ಗುಡ್ಡದಿಂದ ಕಲ್ಲು ಹೊತ್ತರು. ಹೆಂಗಸರು ರೊಟ್ಟಿಗೆ ಹಿಟ್ಟು ನಾದುವಾಗೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ತಂದು ಗಡಿಗೆಗೆ ಸುರಿದರು. ಆ ಹಿಡಿಹಿಟ್ಟೇ ಗೌಂಡಿಗಳ ಊಟವಾಯಿತು. ಚರ್ಚು ಎದ್ದ ದಿನ ತುಕ್ಕಪ್ಪ ತನ್ನ ಹಲಗೆಯನ್ನು ಒಳಗೋಡೆಯ ಗೂಟಕ್ಕೆ, ಅದರ ಚರ್ಮ ಗೋಡೆಗೆ ತಾಗುವಂತೆ, ತಿರುವಿ ತೂಗುಹಾಕಿದ.

ನಿಮ್ಮ ಜಗಳ ಆ ಹಲಗೆಯದೇ ಎಂದು ನಿಮಗೆ ನೆನಪಿಸಬೇಕಾಗಿಲ್ಲ. ಸುಂದರ, ನೀನು ಮತ್ತು ನಿನ್ನ ಗೆಳೆಯರು ಕ್ರಿಸ್ಮಸ್ ಹಾಡಿನ ತಾಲೀಮಿಗೆ ಅದನ್ನು ಗೂಟದಿಂದ ಇಳಿಸಿದಿರಿ. ಮಾಸ್ತರರೇ, ನೀವು ಅದನ್ನು ಕಿತ್ತುಕೊಂಡಿರಿ. ಇದು ನಮ್ಮ ಅಪಮಾನದ ಗುರುತು, ತುಕ್ಕಪ್ಪಜ್ಜನ ಆಣೆ ಮುರಿಯಬೇಡ ಎಂದಿರಿ. ಸುಂದರ, ನೀನು ಹೇಳಿದೆ: "ಮುತ್ಯಾ ಅಂದಿದ್ದು ಮಂದಿ ಬಾಗಿಲಾಗ ಬ್ಯಾಡ ಅಂತ. ಇದು ನಮ್ಮ ಬಾಗಿಲ ಅದ." ಇಬ್ಬರ ಮಾತಿನಲ್ಲೂ ನಿಜವಿತ್ತು, ಕೆಟ್ಟ ಜಗಳಗಳೆಲ್ಲ ಹೀಗೇ ಇರುತ್ತವೆ. ಹಲಗೆ ಹೊರಗೆ ಹೋಗದಿರಲೆಂದು ಒಬ್ಬರು ಬೀಗ ಹಾಕಿದಿರಿ. ತಮ್ಮನ್ನು ಬಿಟ್ಟು ಆರಾಧನೆ ಮಾಡದಿರಲೆಂದು ಇನ್ನೊಬ್ಬರು ಅದರ ಕೆಳಗೆ ಮತ್ತೊಂದು ಹಾಕಿದಿರಿ. ಪಾದ್ರಿಗಳಿಗೆ ಆಗಷ್ಟೇ ವರ್ಗವಾಗಿತ್ತು, ಹೊಸಬರು ಬಂದಿರಲಿಲ್ಲ, ಬಿಡಿಸುವವರಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ ಬಡವಾದವಳು ಮಾರ್ತಾಬಾಯಿ.

ಆಕೆ ನಿಮ್ಮಿಬ್ಬರಿಗೂ ಯಾರೆಂದು ಬರೆಯಲು ನನಗೇ ಸಂಕೋಚ. ಮಾಸ್ತರರೇ, ನಿಮ್ಮನ್ನು ಎತ್ತಿ ಆಡಿಸಿದ ಅಕ್ಕ. ಸುಂದರ, ನಿನ್ನನ್ನು ಹೆತ್ತವಳು ಹೋದ ಮೇಲೆ ಸಾಕಿದ ಅಜ್ಜಿ. ಬುದ್ಧಿ ಬಂದಾಗಿನಿಂದ ಆ ಚರ್ಚಿನ ಕಸ ಹೊಡೆದವಳು, ಅಲ್ಲೇ ಮದುವೆಯಾದವಳು, ಅಲ್ಲಿಂದಲೇ ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟವಳು. ಬೀಗ ಬಿದ್ದ ಮೇಲೂ ಪ್ರತಿ ಭಾನುವಾರ ಹಿಡಿಹಿಟ್ಟು ತಂದು ಮೆಟ್ಟಿಲ ಮೇಲಿಟ್ಟು, ಬೇವಿನ ಕೆಳಗೆ ಹೆಂಗಸರನ್ನು ಕೂಡಿಸಿ ಹಾಡಿಸಿದವಳು. ಈ ಸಭೆ ಒಂದು ವಾರವೂ ತಪ್ಪಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಆಕೆಯಿಂದ. ಆಕೆ ನಿಮ್ಮಿಬ್ಬರನ್ನೂ ಬೇಡಿದ್ದು ಒಂದೇ ಮಾತು: "ನನ್ನ ಒಳಗಿಂದ ಕಳಸ್ರೋ ಯಪ್ಪಾ."

ಮುಂದಿನದನ್ನು ನೀವಿನ್ನೂ ಕಂಡಿಲ್ಲ. ನಾನು ಹೇಳಬೇಕು. ಈ ಸಲದ ಕ್ರಿಸ್ಮಸ್ಸಿಗೆ ಮುಂಚಿನ ಗುರುವಾರ ಮಾರ್ತಾಬಾಯಿ ತೀರಿಕೊಳ್ಳುತ್ತಾಳೆ. ಪೆಟ್ಟಿಗೆಯನ್ನು ಚರ್ಚಿನ ಮುಂದೆ ತಂದು ಇಳಿಸುತ್ತಾರೆ. ಎರಡು ಕೀಲಿಗಳೂ ಅಲ್ಲೇ ಇರುತ್ತವೆ, ಒಂದು ಕೋಟಿನ ಕಿಸೆಯಲ್ಲಿ, ಇನ್ನೊಂದು ಪ್ಯಾಂಟಿನ ಕಿಸೆಯಲ್ಲಿ. ಹೆಂಗಸರು ಕಾಲಿಗೆ ಬೀಳುತ್ತಾರೆ. ಮಾಸ್ತರರು ಹೇಳುತ್ತಾರೆ: "ಅಂವ ಮೊದಲ ತೆಗೀಲಿ, ಆಮ್ಯಾಲ ನಾ ತೆಗೀತೀನಿ." ಸುಂದರನೂ ಅದನ್ನೇ ಹೇಳುತ್ತಾನೆ. ಮೊದಲು ತೆಗೆದವನು ಸೋತಂತೆ ಎಂದು ಇಬ್ಬರೂ ತಿಳಿದಿರುತ್ತೀರಿ. ನೆರಳು ಸರಿದು ಪೆಟ್ಟಿಗೆಯ ಮೇಲೆ ಬಿಸಿಲು ಬರುತ್ತದೆ. ಕಡೆಗೆ ಪಕ್ಕದ ಮನೆಯ ಖಾಜಾಸಾಬರು ಒಂದು ಚಾದರ ತಂದು ಅದರ ಮೇಲೆ ಹಿಡಿದು ನಿಲ್ಲುತ್ತಾರೆ. "ಪಾಪ, ಆಯಿ ಬಿಸಲಾಗ ಮಲಗ್ಯಾಳ" ಎನ್ನುತ್ತಾರೆ, ಅಷ್ಟೇ. ಸಂಜೆ ಹೊತ್ತಿಗೆ ಪೆಟ್ಟಿಗೆ ಹಾಗೇ ಸ್ಮಶಾನಕ್ಕೆ ಹೋಗುತ್ತದೆ.

ಕುಣಿಯ ದಂಡೆಯಲ್ಲಿ ನಿಮಗೆ ತಿಳಿವು ಬರುತ್ತದೆ, ಮಾಸ್ತರರೇ, ಆದರೆ ಹೊತ್ತು ಮೀರಿರುತ್ತದೆ. ನಿಮ್ಮ ಕೀಲಿಯನ್ನು ಅಕ್ಕನ ಪೆಟ್ಟಿಗೆಯ ಮೇಲೆ ಎಸೆದು ಅಳುತ್ತೀರಿ: "ಆಕಿನೇ ಹೋಗಲಿಲ್ಲ, ಇನ್ನ ಯಾರೂ ಈ ಬಾಗಿಲಲೇ ಹೋಗಬ್ಯಾಡ್ರಿ." ಸುಂದರನೂ ತನ್ನದನ್ನು ಎಸೆಯುತ್ತಾನೆ. ಇಬ್ಬರೂ ತಬ್ಬಿಕೊಂಡು ಅಳುತ್ತೀರಿ, ಮತ್ತೆಂದೂ ಜಗಳವಾಡುವುದಿಲ್ಲ. ಹಲಗೆಯೂ ಬಾರಿಸಲ್ಪಡುತ್ತದೆ. ಆದರೆ ಮುಂಬಾಗಿಲನ್ನು ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ. ಗೋಡೆ ಒಡೆದು ಕಂಡಿ ಮಾಡುತ್ತೀರಿ.

ನಾಚಿಕೆಗೂ ವಯಸ್ಸಾದರೆ ಅದು ಸಂಪ್ರದಾಯವಾಗುತ್ತದೆ ಎಂದು ನಿಮಗೆ ಹೊಳೆದಿರಲಾರದು. ಈಗ ನಮ್ಮಲ್ಲಿ ಯಾರೇ ಸತ್ತರೂ ಪೆಟ್ಟಿಗೆಯನ್ನು ಬೀಗ ಹಾಕಿದ ಬಾಗಿಲಿನ ಎದುರು ಬಿಸಿಲಲ್ಲಿ ಇಳಿಸುತ್ತೇವೆ. ಅದಕ್ಕೆ 'ತಡೆ' ಎಂದು ಹೆಸರು. ಖಾಜಾಸಾಬರ ಮನೆಯವರೊಬ್ಬರು ಚಾದರ ಹಿಡಿಯಬೇಕು. ಆಮೇಲೆ ನೇರ ಸ್ಮಶಾನಕ್ಕೆ. ನೋಡಲು ಬಂದ ಪಂಡಿತರು ಇದರಲ್ಲಿ ಏನೇನೋ ಗೂಢಾರ್ಥ ಕಂಡು ತಲೆದೂಗುತ್ತಾರೆ. ನನ್ನ ಅವ್ವ ಹೋದಾಗ ನಾನು ಚಿಕ್ಕವಳು. ಒಳಗೆ ಅಷ್ಟು ತಂಪಿದೆ, ಅವ್ವನನ್ನು ಯಾಕೆ ಒಳಗೆ ಬಿಡುವುದಿಲ್ಲ ಎಂದು ಕೂಗಾಡಿದೆ. ಇದು ಪದ್ಧತಿ, ಸುಮ್ಮನಿರು ಅಂದರು. ಹಿರಿಯಳಾದ ಮೇಲೆ ಬೀಗ ಒಡೆಯೋಣವೆಂದು ಸಭೆಯ ಮುಂದೆ ಮಾತು ಇಟ್ಟೆ. ಜನ ಬೈಯಲಿಲ್ಲ, ಅತ್ತರು. ನಮ್ಮ ಅಪ್ಪ ಅವ್ವಂದಿರೆಲ್ಲ ಅಲ್ಲೇ ನಿಂತು ಹೋದರಲ್ಲ, ಅವರಿಗಿಲ್ಲದ ಸುಖ ನಮಗ್ಯಾಕೆ ಅಂದರು. ಈಗ ನನಗೆ ಎದೆಯ ಬೇನೆ. ಈ ನೆರಳು ತಿಂಗಳು ದಾಟುವುದು ಅನುಮಾನ. ಸಾವಿನ ಹೆದರಿಕೆಯಿಲ್ಲ. ಆ ಬಿಸಿಲಿನದು ಇದೆ.

ಯಾರು ಮೊದಲು ತೆಗೆಯಬೇಕೆಂಬುದಕ್ಕೆ ದಾರಿಯೊಂದಿದೆ. ನಾನು ಬಹಳ ಕಾಲ ಯೋಚಿಸಿದ್ದೇನೆ. ಇಬ್ಬರೂ ತೆಗೆಯಬೇಡಿ. ಮಾರ್ತಾಬಾಯಿಗೆ ಇನ್ನೂ ಕೈಯಾಡುತ್ತಿದೆ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ನೀವಿಬ್ಬರೇ ಹೊತ್ತು ತನ್ನಿ, ಒಂದು ಕಡೆ ತಮ್ಮ, ಇನ್ನೊಂದು ಕಡೆ ಮೊಮ್ಮಗ. ಎರಡು ಕೀಲಿಗಳನ್ನೂ ಆಕೆಯ ಕೈಗೆ ಕೊಡಿ. ಯಾವುದನ್ನು ಮೊದಲು ತೆಗೆಯುತ್ತಾಳೋ ಅದು ಆಕೆಯ ಇಷ್ಟ. ಅಕ್ಕನ ಮುಂದೆ, ಅಜ್ಜಿಯ ಮುಂದೆ ಸೋತರೆ ಅದು ಸೋಲಲ್ಲ. ಹಲಗೆಯ ವಿಷಯವನ್ನೂ ಆಕೆಯನ್ನೇ ಕೇಳಿ. ಎರಡು ಬೈಗುಳ ಬಿದ್ದರೆ ತಿನ್ನಿ. ಆಮೇಲೆ ಗುರುವಾರ ಬಂದಾಗ ಬರಲಿ, ಆಕೆ ಒಳಗಿಂದ ಹೋಗಲಿ.

ನೀವು ಹಾಗೆ ಮಾಡಿದರೆ ಇಲ್ಲಿ ಬೀಗವಿರುವುದಿಲ್ಲ, ಕಂಡಿ ಇರುವುದಿಲ್ಲ, ತಡೆ ಇರುವುದಿಲ್ಲ. ನನ್ನ ಅವ್ವ ತಂಪಿನಲ್ಲಿ, ಹಾಡಿನ ನಡುವೆ ಹೋಗಿರುತ್ತಾಳೆ. ನಿಮಗೆ ಬರೆಯಲು ನನಗೆ ಕಾರಣವೇ ಇರುವುದಿಲ್ಲ, ಈ ಪತ್ರವೂ ನಿಮ್ಮ ಕೈಯಿಂದ ಮಾಯವಾಗಬಹುದು. ಆಗಲಿ. ನನ್ನ ಒಂದೇ ಒಂದು ಹಿಂದೋಲೆ ನನ್ನ ಬಳಿಯೇ ಉಳಿಯುತ್ತದೆ.

ಬೀಗ ತೆಗೆಯಿರಿ. ನಾನು ಅವ್ವನಿಗೆ ಬರೆಯಬೇಕು.