ತುದಿ ಕತ್ತರಿಸದ ಉಲೋಸ್

ಸಮೋಸಿರ್ ದ್ವೀಪ,
೩ ಆಗಸ್ಟ್ ೧೯೯೨

ಮಗಳು ಲಾಮ್ರಿಯಾಗೆ,

ಹೊರಾಸ್. ನೀನೂ ನಿನ್ನ ಗಂಡನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತು, ಕ್ಷಮಿಸು. ಕೈ ಮಗ್ಗದಲ್ಲಿತ್ತು. ಏನು ಬರೆಯಬೇಕೆಂದೂ ತಿಳಿದಿರಲಿಲ್ಲ.

ಈ ಸಲ ಈರುಳ್ಳಿ ಚೆನ್ನಾಗಿ ಬಂದಿದೆ. ಎಮ್ಮೆ ಕರು ಹಾಕಿದೆ. ಹಳೆಯ ಪಾದ್ರಿಗಳಿಗೆ ವರ್ಗವಾಯಿತು. ಹೊಸಬರು ತೀರ ಎಳೆಯರು, ಪ್ರಶ್ನೆ ಹೆಚ್ಚು.

ಪೆಂತೆಕೊಸ್ತ ಹಬ್ಬದ ದಿನ ಕರ್ತನ ಭೋಜನವಿತ್ತು. ಎಂದಿನಂತೆ ಮುಂದಿನ ಬೆಂಚಿನಲ್ಲಿ ಕೂತಿದ್ದೆ, ರೊಟ್ಟಿ ತೆಗೆದುಕೊಳ್ಳಲು ಏಳಲಿಲ್ಲ. ಹೊರಗೆ ಬಂದಾಗ ಪಕ್ಕದ ಮನೆಯ ಮಾರ್ಲಿನಾಳ ಅಮ್ಮ ತೋಳು ಹಿಡಿದಳು.

"ಇವತ್ತೂ ಹೊಟ್ಟೆನೋವೇನೇ?"

"ಹೂಂ."

"ಆರು ವರ್ಷದಿಂದ ನೋಡ್ತಿದ್ದೀನಿ. ಹಂದಿಮಾಂಸಕ್ಕೆ ಬರದ ನೋವು ಚೂರು ರೊಟ್ಟಿಗೆ ಬರುತ್ತಲ್ಲ ನಿಂಗೆ!"

ಹೊಸ ಪಾದ್ರಿಗಳ ಕಿವಿಗೂ ಅದು ಬಿತ್ತು. ಮರುದಿನವೇ ಸಭೆಯವರ ಹೆಸರಿನ ಪುಸ್ತಕ ಹಿಡಿದು ಮನೆಗೆ ಬಂದರು.

"ಅಮ್ಮಾ, ಎಲ್ಲರೂ ನಿಮ್ಮನ್ನ ಲಾಮ್ರಿಯಾಳ ಅಮ್ಮ ಅಂತಾರೆ. ಇದರಲ್ಲಿ ಆ ಹೆಸರಿಗೆ ಗೀಟು ಬಿದ್ದಿದೆಯಲ್ಲ?"

"ಮಗಳು. ಮದುವೆಯ ಆಶೀರ್ವಾದ ಇಲ್ಲದೆ ಒಬ್ಬನ ಜೊತೆ ಹೋದಳು. ಹೆಸರು ಹೊಡೆದುಹಾಕಿ ಅಂತ ಹಿರಿಯರ ಮುಂದೆ ಹೇಳಿದ್ದು ನಾನೇ."

"ಹೊಡೆದ ಮೇಲೂ ನಿಮ್ಮನ್ನ ಅದೇ ಹೆಸರಲ್ಲಿ ಕರೀತಾರೆ."

"ಮೊದಲ ಮಗುವಿನ ಹೆಸರೇ ತಾಯಿಗೆ. ನೀವೂ ನಮ್ಮವರೇ ತಾನೆ, ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಕೇಳಿದೆ" ಎಂದು ಕಾಫಿ ಕುಡಿದು ಹೋದರು.

ಹುಡುಗನ ಸೊಕ್ಕು ಎಂದುಕೊಂಡೆ. ಆದರೆ ಮಗ್ಗಕ್ಕೆ ಕೂತಾಗಲೆಲ್ಲ ಆ ಮಾತು ಜೊತೆಗೆ ಕೂರುತ್ತಿತ್ತು. ಕ್ರಿಸ್ತನಲ್ಲಿ ಇರುವುದೆಂದರೆ ನಾನು ಅವನನ್ನು ಬಿಗಿಯಾಗಿ ಹಿಡಿದಿರುವುದು ಎಂದುಕೊಂಡೇ ಅರವತ್ತು ವರ್ಷ ಕಳೆದೆ. ಕೈ ಸಡಿಲಿಸಿದವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಬೇರೆ ತೋರುತ್ತದೆ. ನಿನ್ನ ಹೆಸರನ್ನು ನಾನು ಹೊಡೆಸಿದೆ. ಊರು ಮಾತ್ರ ನನ್ನನ್ನು ಅದರಿಂದಲೇ ಕರೆಯಿತು, ನಾನೂ ಓಗೊಟ್ಟೆ. ನಮ್ಮ ಹೆಸರಿಗೆ ಕ್ರಿಸ್ತನೂ ಹೀಗೇ ಓಗೊಡುತ್ತಿರಬೇಕು. ಪುಸ್ತಕದಲ್ಲಿ ನಾವು ಎಳೆದ ಗೀಟು ಮೊದಲು ಅವನಿಗೇ ತಾಗುತ್ತದೆ. ಹೈಸ್ಕೂಲು ಓದಿದವಳಿಗೆ ಇಷ್ಟೇ ತಿಳಿದದ್ದು.

ಈಗ ನಿನಗೆ ಏಳನೇ ತಿಂಗಳು, ಬಸುರಿ ಮಗಳಿಗೆ ತಾಯಿ ಉಲೋಸ್ ಹೊದಿಸುವ ಕಾಲ. ಒಂದು ಮಗುವನ್ನು ಕಳೆದುಕೊಂಡವಳಿಗೆ ನೇಯುವ ಉಲೋಸಿನ ತುದಿಯನ್ನು ಕತ್ತರಿಸುವುದಿಲ್ಲ. ಹಾಸಿನ ನೂಲು ಮಗ್ಗದಲ್ಲಿ ಸುತ್ತಿ ಬಂದಂತೆಯೇ ಉಳಿಯಬೇಕು. ಅಂಥದ್ದೊಂದನ್ನು ನೇಯ್ದು ಮುಗಿಸಿದ್ದೇನೆ. 'ಏನೂ ಕಳಿಸಬೇಡ' ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ಉಲೋಸನ್ನು ತಾಯಿಯೇ ಹೆಗಲಿಗೆ ಹೊದಿಸಬೇಕು. ಹದಿನೈದನೇ ತಾರೀಕು, ಶನಿವಾರ, ಬೆಳಗಿನ ದೋಣಿ ಹತ್ತಿ ನಿಮ್ಮ ಸಿಯಾಂತಾರ್‌ಗೆ ಬರುತ್ತೇನೆ. ಬಟ್ಟೆ ಅಗಲವಾಗಿದೆ, ನಿನ್ನ ಗಂಡನ ಹೆಗಲಿಗೂ ಸಾಲುತ್ತದೆ.

ಕರ್ತನು ನಿಮ್ಮ ಮೂವರನ್ನೂ ಕಾಯಲಿ.

ಇಂತು,
ಲಾಮ್ರಿಯಾಳ ಅಮ್ಮ

ವಿ.ಸೂ.: ಹೊಟ್ಟೆನೋವಿನ ಮಾತು ಸುಳ್ಳು. ಆರು ವರ್ಷದ ಹಿಂದೆ ನೀನು ಮೊದಲ ಸಲ ಬಸುರಿಯಾದಾಗಲೂ ಉಲೋಸ್ ನೇಯ್ದಿದ್ದೆ. ನೀನು ಬಂದು ಕ್ಷಮೆ ಕೇಳಲಿ ಎಂದು ಕಾದೆ. ನೀನು ಬರಲಿಲ್ಲ. ಆಗ ಮಾರ್ಲಿನಾಳಿಗೂ ಏಳು ತಿಂಗಳು. ಊರೆಲ್ಲ ನೋಡಲಿ ಎಂದೇ ನಿನ್ನ ಉಲೋಸನ್ನು ಅವಳ ಹೆಗಲಿಗೆ ಹೊದಿಸಿದೆ. ಅವಳ ಮಗು ಅದರಲ್ಲೇ ಮಲಗಿ ಬೆಳೆಯಿತು. ನಿನ್ನದು ಎಂಟನೇ ತಿಂಗಳಿಗೆ ಹೋಯಿತು. ಬಟ್ಟೆಗೂ ಸಾವಿಗೂ ಸಂಬಂಧವಿಲ್ಲ ಎಂದು ಯಾವ ಪಾದ್ರಿಯಾದರೂ ಹೇಳುತ್ತಾರೆ. ಇರಬಹುದು. ಅಂದಿನಿಂದ ಕರ್ತನ ಮೇಜಿನ ಹತ್ತಿರ ಹೋಗಲು ನನ್ನಿಂದ ಆಗಿಲ್ಲ. ಶನಿವಾರ ಬಾಗಿಲು ತೆಗೆಯುವ ಮೊದಲು ಇದು ನಿನಗೆ ಗೊತ್ತಿರಬೇಕು.