ಬೆನ್ನ ಹಿಂದೆ ಗರ್ಜಿಸಿದ ರಾಕ್ಷಸ

ಮಾರ್ಚ್ ೧೧, ಬುಧವಾರ

ಮೊಮ್ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂಬ ನನ್ನ ವಾದ ಇವತ್ತು ಬಿದ್ದುಹೋಯಿತು. ಹೊಟ್ಟೆಯಲ್ಲಿದ್ದಾಗಲೇ ವೈರಸ್ ಸೋಂಕು ತಗುಲಿದ ಮಗು. ಹುಟ್ಟಿದಾಗ ಕೇಳಿಸಿದರೂ ಆಮೇಲೆ ಕಿವಿ ಮಂದವಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಎದೆಗವಚಿಕೊಂಡು ಕಥೆ ಹೇಳುತ್ತಾ ನಾನು ರಾಕ್ಷಸನಂತೆ ಗರ್ಜಿಸಿದರೆ ಅವಳು ಕೇಕೆ ಹಾಕಿ ನಗುತ್ತಾಳಲ್ಲ!

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವಾಕೆ, "ತಾತ, ಅದೇ ಗರ್ಜನೇನ ಅವಳ ಹಿಂದೆ ನಿಂತು ಮಾಡಿ ನೋಡೋಣ" ಎಂದಳು. ಗರ್ಜಿಸಿದೆ. ಪಕ್ಕದ ಕೋಣೆಯ ಮಗು ಅತ್ತಿತು. ನಮ್ಮವಳು ಬೊಂಬೆಯ ಕಾಲು ಚೀಪುತ್ತಲೇ ಇದ್ದಳು. ಇಷ್ಟು ದಿನ ನಕ್ಕಿದ್ದು ನನ್ನ ಮುಖ ನೋಡಿ, ಗರ್ಜಿಸುವಾಗ ಅದುರುವ ಎದೆ ತಾಗಿ. ಕಿವಿ ಮಂದವಾಗಿದೆ ಎಂದು ಪರೀಕ್ಷೆಯ ಯಂತ್ರವೂ ಹೇಳಿತು.

ಸೊಸೆ ಕಣ್ಣೊರೆಸಿಕೊಂಡಳು. "ಇವಳಿಗೆ ಮಾತು ಬರುತ್ತಾ, ಮಾವ?"

"ನಮ್ಮನೇಲಿ ಹುಟ್ಟಿ ಬಾಯಿ ಮುಚ್ಕೊಂಡಿರೋಕಾಗುತ್ತೇನಮ್ಮಾ?" ಅಂದೆ.

ಪರೀಕ್ಷೆಯವಳು ನಕ್ಕಳು. "ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ಮುಂದಿನ ವಾರ ಕಿವಿಗೆ ಕೇಳಿಸೋ ಮೆಷಿನ್ ಹಾಕೋಣ. ಕಥೆ ನಿಲ್ಲಿಸಬೇಡಿ ತಾತ, ಎದುರಿಗೆ ಕೂತು ಹೇಳಿ."

ನಿಲ್ಲಿಸುವವನು ಯಾರು? ಮನೆಗೆ ಬಂದದ್ದೇ ಎದುರಿಗೆ ಕೂರಿಸಿಕೊಂಡು ಶುರುಮಾಡಿದೆ. ಎರಡೂ ಕೈಯಿಂದ ನನ್ನ ತುಟಿ ಹಿಡಿದು ಎಳೆದಳು, ಬಿಡಲೇ ಇಲ್ಲ. ಮಾತು ಎಲ್ಲಿಂದ ಹೊರಡುತ್ತದೆ ಎಂಬುದು ಕಳ್ಳಿಗೆ ಗೊತ್ತಾಗಿಬಿಟ್ಟಿದೆ. ತುಟಿ ಇನ್ನೂ ಉರಿಯುತ್ತಿದೆ.