ನಿನ್ನ ಅಣ್ಣನ ವಿರುದ್ಧ ನನ್ನ ಸಾಕ್ಷಿ

ಮಾರ್ಚ್ ಒಂಬತ್ತು, ಸೋಮವಾರ

ನನ್ನ ಪುಟ್ಟೀ,

ನೀನು ಫೋನಿನಲ್ಲಿ ಕೂಗಾಡಿ ಮೂರು ದಿನವಾಯಿತು. "ಹೆತ್ತ ಮಗನನ್ನೇ ಜೈಲಿಗೆ ಕಳಿಸೋ ತಾಯಿ ಎಲ್ಲಾದ್ರೂ ಇರ್ತಾಳಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅತ್ತಿಗೆ ಮಗಳ ಕೈ ಹಿಡಿದು ನಮ್ಮ ಆಶ್ರಯಮನೆಗೆ ಬಂದದ್ದು ಹೋದ ತಿಂಗಳು. ಎಡಗಣ್ಣು ಪೂರ್ತಿ ಮುಚ್ಚಿತ್ತು, ಕಿವಿಯ ಹಿಂದೆ ಸೀಳಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವಳು ಹೇಳಿದ್ದರೆ ನಾನೂ ನಂಬಿದಂತೆ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಐದು ವರ್ಷದ ಮೊಮ್ಮಗಳು ನನ್ನ ತೊಡೆಯೇರಿ ಕೂತು, "ಅಪ್ಪ ಅಮ್ಮನ ತಲೇನ ಬಾಗಿಲಿಗೆ ಬಡಿದ್ರು ಅಜ್ಜಿ. ಬಾಗಿಲು ಮುರೀಲಿಲ್ಲ" ಎಂದಳು. ಅವರಿಬ್ಬರಿಗೂ ಮಹಡಿಯ ಕೋಣೆ ಕೊಟ್ಟೆ. ಮರುದಿನದಿಂದಲೇ ಅವಳು ಹೊಲಿಗೆ ಕೋಣೆಗೆ ಇಳಿದು ಬಂದು ಎಲ್ಲರ ಜೊತೆ ಕೆಲಸಕ್ಕೆ ಕೂತಳು.

ಎಂಟನೆಯ ದಿನ ಅವನು ಬಂದ. ಬೆಳಿಗ್ಗೆ ಹನ್ನೊಂದು ಗಂಟೆ. ಒಂಬತ್ತು ಯಂತ್ರಗಳೂ ಓಡುತ್ತಿದ್ದವು, ಶಾಲಾ ಮಕ್ಕಳ ಅಂಗಿಗೆ ತೋಳು ಜೋಡಿಸುವ ಕೆಲಸ. ಗೇಟು ಕಾಯುವವಳು ತಡೆಯಲಿಲ್ಲ. ಅವಳ ತಪ್ಪೇನು, ಮೇಡಂ ಮಗ ಅಲ್ಲವೇ? ಕೋಟಿನೊಳಗೆ ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ರಾಡು ಇಟ್ಟುಕೊಂಡಿದ್ದ.

ಎದುರಿಗೆ ಎದ್ದು ನಿಂತವಳು ಹೊಲಿಗೆ ಕಲಿಸುವ ನಮ್ಮ ಕತ್ತರಿಯಮ್ಮ. ಅವಳು ನಕ್ಕರೆ ಕಿಟಕಿ ಗಾಜು ಅದುರುತ್ತದೆ ಎಂದು ನೀನೇ ಗೇಲಿ ಮಾಡುತ್ತಿದ್ದೆ. "ಹೊರಗೆ ಕೂತ್ಕೊಳ್ಳಪ್ಪ, ಅಮ್ಮನ್ನ ಕರೀತೀನಿ" ಎಂದಳಂತೆ. ಅವಳ ಮಾತು ಮುಗಿಯುವ ಮೊದಲೇ ರಾಡು ಬಿತ್ತು. ಅಡ್ಡ ಹಿಡಿದ ಬಲಗೈಯ ಎರಡೂ ಮೂಳೆ ಮುರಿದವು. ಆ ಸದ್ದು ಪಕ್ಕದ ಆಫೀಸಿನಲ್ಲಿದ್ದ ನನಗೂ ಕೇಳಿಸಿತು. ಮರ ಸೀಳಿದ ಹಾಗೆ.

ನಾನು ಓಡಿಬಂದಾಗ ಅವನು ನಿನ್ನ ಅತ್ತಿಗೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನಿಂದ ಕೂದಲು ಹಿಡಿದು ಎಳೆಯುತ್ತಿದ್ದ. ಮೊಣಕಾಲಿಗೆ ಒಂದು, ಬೆನ್ನಿಗೆ ಎರಡು. ನಾಲ್ಕನೆಯದಕ್ಕೆ ಕೈ ಎತ್ತಿದ. ಬಿಡೋ ಎಂದು ಚೀರಿದೆ. ಅವನು ತಿರುಗಿ, ಚಿಕ್ಕವನಿದ್ದಾಗ ಊಟ ಸಾಕು ಎನ್ನುತ್ತಿದ್ದ ಅದೇ ದನಿಯಲ್ಲಿ ಹೇಳಿದ: "ನೀನು ಮಧ್ಯ ಬರಬೇಡಮ್ಮ. ಊರವರ ಹೆಂಡ್ತೀರನ್ನೆಲ್ಲ ಕಾಪಾಡ್ಕೋ, ನಾನೇನೂ ಅನ್ನಲ್ಲ. ಇವಳು ನನ್ನವಳು."

ನನ್ನ ಕೈಗೆ ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆ. ಕಾದಿತ್ತು. ಮೊದಲ ಏಟಿಗೆ ರಾಡು ಕೆಳಗೆ ಬಿತ್ತು.

ಪೊಲೀಸರಿಗೆ, ತಡೆಯಲು ಒಂದೇ ಏಟು ಹೊಡೆದೆ ಎಂದು ಬರೆಸಿದ್ದೇನೆ. ನಿನಗೆ ಸುಳ್ಳು ಹೇಳಲಾರೆ. ರಾಡು ಬಿದ್ದ ಮೇಲೆ ಮುಖಕ್ಕೆ ಹೊಡೆದೆ. ಅವನು ನೆಲಕ್ಕೆ ಉರುಳಿದ ಮೇಲೆ ಮತ್ತೊಂದು ಹೊಡೆದೆ. ಚರ್ಮ ಸುಟ್ಟ ವಾಸನೆ ಬಂತು. ಅವನು "ಅಮ್ಮಾ" ಎಂದ. ಕೇಳಿಸಿತು ಪುಟ್ಟೀ, ಚೆನ್ನಾಗಿ ಕೇಳಿಸಿತು. ಆದರೂ ಕೈ ಎತ್ತಿದೆ. ನನ್ನನ್ನು ತಡೆದವಳು ನಿನ್ನ ಅತ್ತಿಗೆ. ಮುರಿದ ಕಾಲು ಎಳೆದುಕೊಂಡು ತೆವಳಿ ಬಂದು ನನ್ನ ಪಾದ ಹಿಡಿದಳು. "ಸಾಕು ಅತ್ತೆ, ಸತ್ತುಹೋಗ್ತಾರೆ" ಎಂದಳು. ಆ ಹೊತ್ತಿನಲ್ಲೂ ಅವಳು ಅವನಿಗೆ ಮರ್ಯಾದೆ ಕೊಟ್ಟು ಮಾತಾಡಿದ್ದು ನನ್ನನ್ನು ಇವತ್ತಿಗೂ ಸುಡುತ್ತದೆ.

ಅವಳು ಇನ್ನು ಕೋಲಿಲ್ಲದೆ ನಡೆಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಕತ್ತರಿಯಮ್ಮನ ಕೈಗೆ ಲೋಹದ ಪಟ್ಟಿ ಹಾಕಿದ್ದಾರೆ. ನೋಡಲು ಹೋದರೆ, "ಎಡಗೈಲಿ ಕತ್ತರಿ ಹಿಡಿಯೋಕೆ ನನಗೂ ಒಬ್ಬ ಟೀಚರ್ ಹುಡುಕಿ" ಎಂದು ನಗಿಸಿದಳು. ಬಾಗಿಲಾಚೆ ಬಂದು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ನಿನ್ನ ಅಣ್ಣನ ದವಡೆಗೆ ತಂತಿ ಕಟ್ಟಿದ್ದಾರೆ. ಕುಡಿಯುವಂಥದ್ದನ್ನು ಮಾತ್ರ ಕೊಡಬೇಕಂತೆ. ದಿನವೂ ಫ್ಲಾಸ್ಕಿನಲ್ಲಿ ತುಂಬಿ ಜೈಲಿನ ಆಸ್ಪತ್ರೆಗೆ ಕಳಿಸುತ್ತೇನೆ. ಒಮ್ಮೆ ನಾನೇ ಹೋದೆ. ಅವನು ಗೋಡೆಯ ಕಡೆ ಹೊರಳಿಕೊಂಡ.

ದೂರು ಹಿಂದೆ ತೆಗೆದುಕೋ ಎನ್ನುತ್ತೀಯ. ಸಂಸ್ಥೆಯ ಹೆಸರು ಕೆಡುತ್ತದೆ, ಮನೆಯ ಮಾತು ಮನೆಯಲ್ಲೇ ಮುಗಿಸಿ ಎಂದು ನಮ್ಮ ಸಮಿತಿಯ ಹಿರಿಯರೂ ಹೇಳಿದರು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ತಾಯಂದಿರು ನನ್ನೆದುರು ಕೂತು, ನನ್ನ ಮಗ ಒಳ್ಳೆಯವನು, ಏನೋ ಸಿಟ್ಟು ಅಷ್ಟೇ ಎಂದು ಅತ್ತಿದ್ದಾರೋ! ಅವರಿಗೆಲ್ಲ, ಮಗನ ತಪ್ಪು ಮುಚ್ಚಬೇಡಿ ಎಂದು ಸಲೀಸಾಗಿ ಬುದ್ಧಿ ಹೇಳಿ ಕಳಿಸಿದ್ದೇನೆ. ಆ ಮಾತು ಎಷ್ಟು ಭಾರ ಎಂದು ಈಗ ಗೊತ್ತಾಗುತ್ತಿದೆ. ಅವನು ನನ್ನ ಮಗನಲ್ಲ ಎನ್ನಲಾರೆ. ದೂರು ಹಿಂದೆ ತೆಗೆದುಕೊಳ್ಳಲಾರೆ. ಇಪ್ಪತ್ತೊಂದರಂದು ಕೋರ್ಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ. ಆದರೆ ಅತ್ತಿಗೆಗೊಂದು ಫೋನ್ ಮಾಡು.

ನಿನ್ನನ್ನೂ ಅವನನ್ನೂ ಹೆತ್ತ,
ಅಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಪತ್ರ ಮಡಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ನಿನ್ನ ಅತ್ತಿಗೆ ನನ್ನ ಹತ್ತಿರ ಬಂದದ್ದು ಅದೇ ಮೊದಲಲ್ಲ. ಎರಡು ವರ್ಷದ ಹಿಂದೆ, ಮುರಿದ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದಳು. ಸ್ವಲ್ಪ ಸಹಿಸ್ಕೋ, ಅವನ ಹತ್ರ ನಾನು ಮಾತಾಡ್ತೀನಿ ಎಂದು ಹೇಳಿ, ನಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅವನ ಮನೆಯ ಮುಂದೆ ಇಳಿಸಿ ಬಂದೆ. ಬೇರೆ ಯಾವ ಹೆಣ್ಣನ್ನೂ ನಾನು ಹಾಗೆ ಹಿಂದಕ್ಕೆ ಕಳಿಸಿಲ್ಲ. ಅವನ ಹತ್ತಿರ ಮಾತಾಡಲೂ ಇಲ್ಲ. ಕೋರ್ಟಿನಲ್ಲಿ ಇದನ್ನೂ ಹೇಳುತ್ತೇನೆ, ಆ ಎರಡು ಏಟುಗಳನ್ನೂ ಹೇಳುತ್ತೇನೆ. ಯಾರದೋ ಬಾಯಿಂದ ಕೇಳುವ ಮೊದಲು ನನ್ನ ಕೈಬರಹದಲ್ಲೇ ನೀನು ಓದಿಬಿಡು.